ನಮ್ಮತ್ತೆಯ ಬಾಯಾರಿಕೆ

ನಮ್ಮತ್ತೆ ಮಾದಮ್ಮನವರು ನಕ್ಕರೆ ಅಟ್ಟದ ಮೇಲಿನ ಮಡಕೆಗಳೂ ಸಣ್ಣಗೆ ಸದ್ದು ಮಾಡುತ್ತಿದ್ದವು ಎಂದರೆ ನೀವು ನಂಬಲಾರಿರಿ. ಬಂಡಳ್ಳಿಗೆ ಸೊಸೆಯಾಗಿ ಬರುವವರೆಗೆ ನಾನೂ ಅಂಥ ನಗುವನ್ನು ಕೇಳಿರಲಿಲ್ಲ. ದಪ್ಪ ಮೈ, ಅದಕ್ಕಿಂತ ದೊಡ್ಡ ಮನಸ್ಸು, ಕೈಗೆಟುಕುವ ದೂರದಲ್ಲೇ ಬೆಲ್ಲದ ಡಬ್ಬಿ. ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರು ಸೀಮೆಗೆ ಸೇರಿದ ಮರುವರ್ಷ, ಐವತ್ತೇಳರ ಬೇಸಿಗೆಯ ಕೊನೆಯಲ್ಲಿ, ಊರಿಗೆ ಊರೇ ಫ್ಲೂ ಜ್ವರದಲ್ಲಿ ಮಲಗಿತು. ಮಾವ, ನನ್ನ ಯಜಮಾನರು, ನಾನು ಮೂವರೂ ಕಂಬಳಿ ಹೊದ್ದು ಮಲಗಿ, ಐದನೆಯ ದಿನ ಎದ್ದು ಗಂಜಿ ಕುಡಿದೆವು. ನಮ್ಮನ್ನೆಲ್ಲ ಉಪಚರಿಸಿದ ಅತ್ತೆ ಆಮೇಲೆ ಮಲಗಿದರು, ವಾರವಾದರೂ ಏಳಲಿಲ್ಲ.

ಒಂದೇ ಸೂರು, ಒಂದೇ ಗಾಳಿ, ಒಂದೇ ಜ್ವರ. ನಮ್ಮಲ್ಲಿಗೆ ನೆಂಟನಂತೆ ಬಂದುಹೋದದ್ದು ಅವರೆದೆಯ ಮೇಲೇಕೆ ಹೀಗೆ ಪಟ್ಟು ಹಿಡಿದು ಕೂತಿತೆಂದು ಯಾರಿಗೂ ತಿಳಿಯದು. ಉಸಿರಿಗೆ ಒದ್ದಾಡುತ್ತಿದ್ದರು, ತುಟಿ ಒಣಗಿ ಬಿರಿದಿತ್ತು. ಆದರೂ ನಾನು ನೀರಿನ ಲೋಟ ಹಿಡಿದರೆ ಕೈ ತಳ್ಳಿಬಿಡುವರು.

"ಬ್ಯಾಡ ಕಣವ್ವಾ, ಜರದಲ್ಲಿ ನೀರ್ ಕುಡುದ್ರೆ ಸತ್ತೋಯ್ತಾರೆ."

ಗಾಡಿ ಕಟ್ಟಿ ಹನೂರಿಗೆ, ಅಲ್ಲಿಂದ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಕರೆದೊಯ್ದೆವು. ಕೊಯಮತ್ತೂರಿನ ಕಡೆಯಿಂದ ಬಂದು ನೆಲೆಸಿದ್ದ ಮುದಿ ಡಾಕ್ಟರೊಬ್ಬರು ಎದೆಗೆ ಕಿವಿಗೊಟ್ಟು ಕೇಳಿ, ಆಮೇಲೆ ಗಾಜಿನ ಕೊಳವೆಯಲ್ಲಿದ್ದ ನೀಲಿ ಔಷಧಿಗೆ ಅತ್ತೆಯ ಮೂತ್ರದ ಎಂಟು ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನಮ್ಮ ಕಣ್ಣೆದುರೇ ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು.

"ಬಣ್ಣ ಹೀಗೆ ತಿರುಗಿದರೆ ಮೂತ್ರದಲ್ಲಿ ಸಕ್ಕರೆ ಇದೆಯೆಂದು. ಸಕ್ಕರೆ ಕಾಯಿಲೆ ಇದೆಮ್ಮ," ಎಂದರು. "ಇದು ಒಳಗಿದ್ದರೆ ಜ್ವರ ಮೈಯನ್ನು ಬೇಗ ಬಿಡುವುದಿಲ್ಲ."

ಗ್ಲೂಕೋಸ್ ಬೆರೆಸದ ಉಪ್ಪುನೀರನ್ನು ನರಕ್ಕೆ ಹನಿಸಿದರು, ಇನ್ಸುಲಿನ್ ಚುಚ್ಚಿದರು, ಕಫಕ್ಕೆ ಪೆನಿಸಿಲಿನ್ ಕೊಟ್ಟರು. ಆರನೆಯ ದಿನ ಬೆಳಿಗ್ಗೆ ಅತ್ತೆ ಕಣ್ಣು ಬಿಟ್ಟು, ಮೂಲೆಯಲ್ಲಿ ನಿದ್ದೆಗೆಟ್ಟು ಕೂತಿದ್ದ ಮಾವನನ್ನು ನೋಡಿ, "ಇದ್ಯಾಕ್ ಇಂಗ್ ಕುಂತಿದೀರಿ, ನಾನ್ ಸತ್ತೋದೆ ಅಂದ್ಕಂಡ್ರಾ?" ಎಂದು ಕೇಳಿದಾಗ, ನಾನು ನಗುತ್ತ ನಗುತ್ತಲೇ ಅತ್ತುಬಿಟ್ಟೆ.

ಅವತ್ತು ಡಾಕ್ಟರು ಅವರ ತವರಿನ ವಿಷಯ ಕೇಳಿದರು. "ನಿಮ್ಮ ತಾಯಿ ಹೇಗಿದ್ದರು? ಹೇಗೆ ಹೋದರು?"

ಅತ್ತೆಯ ಮುಖ ಸಣ್ಣದಾಯಿತು. "ಅವ್ವನೂ ನನ್ನಂಗೇ ದಪ್ಪ ಸಾ. ಆಗ್ಲೂ ಇಂತದೇ ಜರ ಬಂದಿತ್ತು. ನೀರು, ನೀರು ಅಂತ ಒಂದೇ ಸಮ ಕೇಳೋಳು. ಕೊಡಬ್ಯಾಡಿ ಅಂದಿದ್ರು ದೊಡ್ಡೋರು. ನಂಗಾಗ ಅತ್ ವರ್ಸ ವಯಸ್ಸು. ತಡೀನಾರ್ದೆ ಕದ್ದು ಒಂದ್ ಚೆಂಬು ಕೊಟ್ಬುಟ್ಟೆ. ಗಟಗಟ್ನೆ ಕುಡುದು ತಲೆ ಸವರುದ್ಲು. ಬೆಳಗಾಗಾದ್ರೊಳಗೆ ಒಂಟೋದ್ಲು. ಚೆಂಬು ಕಂಡ ನಮ್ಮಜ್ಜಿ, ನೀನೇ ಕೊಂದೆ, ಯಾರ್ಗೂ ಏಳ್ಬ್ಯಾಡ ಅಂದ್ಲು ಸಾ."

ಅಷ್ಟು ಗಟ್ಟಿಯಾಗಿ ನಗುವ ಹೆಂಗಸು ನಲವತ್ತು ವರ್ಷ ಇಂಥದೊಂದನ್ನು ಒಳಗೆ ಹೊತ್ತು ನಡೆದಿದ್ದರೆಂದು ಮಾವನಿಗೂ ಗೊತ್ತಿರಲಿಲ್ಲ. ಡಾಕ್ಟರು ಮಂಚದ ಅಂಚಿನಲ್ಲಿ ಕೂತರು.

"ಆ ಬಾಯಾರಿಕೆ ಬರೀ ಜ್ವರದ್ದಲ್ಲ ತಾಯಿ, ಅವರಿಗೂ ಸಕ್ಕರೆ ಇದ್ದಿರಬೇಕು. ಇದು ತಾಯಿಯಿಂದ ಮಕ್ಕಳಿಗೆ ಬರುವುದುಂಟು. ನೀರಿನಿಂದ ಅವರು ಸಾಯಲಿಲ್ಲ. ಅವತ್ತು ಆ ಮನೆಯಲ್ಲಿ ಸರಿಯಾದ ಔಷಧಿ ಕೊಟ್ಟವರು ನೀವೊಬ್ಬರೇ."

ಮೂಗು, ಮಾತಿನ ವರಸೆ, ಮೈಯ ದಪ್ಪ, ಇವೆಲ್ಲ ರಕ್ತದಲ್ಲಿ ಹರಿದು ಬರುತ್ತವೆಂದು ನಾವು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವಲ್ಲವೇ; ಅದೇ ದಾರಿಯಲ್ಲಿ ಸದ್ದಿಲ್ಲದೆ ರೋಗವೂ ಬರುವುದೆಂಬ ಸಂಗತಿ ಭಯ ಹುಟ್ಟಿಸಬೇಕಾಗಿತ್ತು. ನಮ್ಮತ್ತೆಗೆ ಮಾತ್ರ ಅದು ಬಿಡುಗಡೆಯ ಸುದ್ದಿಯಾಯಿತು.

"ಇದ ನಮ್ ಗೌರಿಗೂ ಏಳ್ಬೇಕು ಕಣವ್ವಾ," ಎಂದರು.

ಗೌರಮ್ಮ ಅತ್ತೆಯ ತಂಗಿ; ಯಳಂದೂರಿನಲ್ಲಿದ್ದರು. ಮಿಡಲ್ ಸ್ಕೂಲು ಮುಗಿಸಿದ್ದ ನನಗೆ ಡಾಕ್ಟರು ಸೂಜಿ ಹಾಕುವುದನ್ನೂ ಬಣ್ಣ ನೋಡುವುದನ್ನೂ ಕಲಿಸಿದ್ದರು. ತಿಂಗಳು ಕಳೆದು, ದೀಪ, ಕೊಳವೆ, ನೀಲಿ ಔಷಧಿ ಚೀಲಕ್ಕೆ ಹಾಕಿಕೊಂಡು ಹೊರಟೆವು. ಅವತ್ತು ಗೌರಮ್ಮನ ಜಗುಲಿ ನೋಡಬೇಕಿತ್ತು ನೀವು! ತವರಿನ ಕಡೆಯವರೆಲ್ಲ ಒಂದೊಂದು ಸೀಸೆಯನ್ನು ಸೆರಗಿನಲ್ಲೋ ಟವಲಿನಲ್ಲೋ ಮುಚ್ಚಿಕೊಂಡು, ನಾಚಿಕೊಂಡು, ಒಬ್ಬರ ಹಿಂದೊಬ್ಬರು ನಿಂತಿದ್ದಾರೆ. ನೀಲಿಯಾಗಿಯೇ ಉಳಿದರೆ ಚಪ್ಪಾಳೆ, ಹಸಿರಾದರೆ ಗುಸುಗುಸು. "ನಂದು ನೀಲಿನೇ ಕಣ್ರಿ, ಬೇಕಾರೆ ನೋಡಿ," ಎಂದು ಮೀಸೆ ತಿರುವಿದ ದಾಯಾದಿಯೊಬ್ಬರದು ಹಳದಿಗೆ ತಿರುಗಿದಾಗ, ಅತ್ತೆ ಪಕ್ಕದ ಚಾಪೆ ತಟ್ಟಿ, "ಬಾರಪ್ಪಾ, ನಮ್ ಸಾಲ್ಗೆ ಬಾ," ಎಂದು ಕರೆದು ನಕ್ಕ ನಗೆಗೆ ಬೀದಿಯವರು ಬಂದು ಇಣುಕಿದರು.

ಗೌರಮ್ಮನದು ಕಿತ್ತಳೆ ಬಣ್ಣಕ್ಕೆ ಬಂತು. ಅತ್ತೆ ಆಗ ಆ ಚೆಂಬು ನೀರಿನ ಕತೆಯನ್ನೂ, ಡಾಕ್ಟರು ಹೇಳಿದ್ದನ್ನೂ ಹೇಳಿದರು. ಗೌರಮ್ಮ ಕೊಳವೆಯನ್ನು ನೆಲಕ್ಕಿಟ್ಟು, ಅಕ್ಕನ ಎರಡೂ ಕೈ ಹಿಡಿದುಕೊಂಡರು.

"ಅವ್ವ ಮೊದ್ಲು ಕೇಳಿದ್ದು ನನ್ನ ಕಣಕ್ಕಾ. ನಾನು ಎದ್ರಕಂಡು ಕೊಡ್ನಿಲ್ಲ. ಬಾಯಾರ್ಕಂಡೇ ಓದ್ಲಲ್ಲಾ ಅಂತ ಇಷ್ಟ್ ಕಾಲ್ವೂ ಒಳಗೊಳಗೇ ಅಳ್ತಿದ್ದೆ. ನೀ ಕೊಟ್ಟಿದ್ಯಾ? ಒಟ್ಟೆ ತುಂಬ ಕುಡುದ್ಲಾ?"

"ಒಂದ್ ಚೆಂಬು ಪೂರ್ತಿ ಕಣೇ ಗೌರಿ," ಎಂದರು ಅತ್ತೆ.