ಹಿಟ್ ಆಗದ ಹಾಡು

ಹೊನ್ನಾವರದ ಹಳೆಯ ಕ್ಯಾಸೆಟ್ ಅಂಗಡಿಯೊಂದರಲ್ಲಿ ಅಂದು ನಾವು ಮೂವರಿದ್ದೆವು: ಅಂಗಡಿಯವರು, ನಾನು, ಮಾವಿನಕುರ್ವೆಯ ಮೀನು ಮಾರುವ ಅಮ್ಮ. ತೀರಿಹೋದ ಗಂಡ ದೋಣಿಯಲ್ಲಿ ಹಾಕುತ್ತಿದ್ದ ಹಾಡೊಂದು ಆಕೆಗೆ ಬೇಕಿತ್ತು. ಮಗ ತಂದ ಐದು ‘ಸೂಪರ್ ಹಿಟ್’ ಪೆನ್‌ಡ್ರೈವ್‌ಗಳಲ್ಲೂ ಅದಿರಲಿಲ್ಲ.

“ಎಲ್ಲದ್ರಲ್ಲೂ ಅದೇ ಹತ್ತು ಹಾಡು, ಪೆನ್‌ಡ್ರೈವ್ ಹೆಸರು ಮಾತ್ರ ಬೇರೆ,” ಎಂದರು ಅಂಗಡಿಯವರು. ದಿನಕ್ಕೆ ನಾಲ್ಕು ಸಲ ಹೇಳುವ ಮಾತು ಅದು. “ಒಂದು ಸಾಲು ಹೇಳಿ, ಅಮಾ.”

“ಸಾಲು ನೆನಪಿಲ್ಲ, ರಾಗ ಉಂಟು. ಹಾಡೂಕೆ ನಾಚ್ಕೆ ಆಗ್ತದೆ.”

“ಪ್ಯಾಟೆ ತುಂಬ ಮೀನು ಕೂಗ್ತ್ರಿ, ಇದಕ್ಕೆಂತ ನಾಚ್ಕೆ?”

ಆಕೆ ಗುನುಗಿದರು. ಕಣ್ಣು ಮುಚ್ಚಿ ಕೇಳಿದ ಅಂಗಡಿಯವರು ಒಳಗಿಂದ ಹಳೆಯ ಕ್ಯಾಸೆಟ್ ತಂದು, ಸಡಿಲಾದ ಟೇಪನ್ನು ಪೆನ್ಸಿಲ್‌ನಿಂದ ಸುತ್ತಿ, ಎರಡನೇ ಬದಿ ಹಾಕಿದರು. ಕೊನೆಯ ಹಾಡು ಶುರುವಾದದ್ದೇ ಅಮ್ಮ “ಇದೇ!” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಹಿಟ್ ಆಗದ್ದೂ ನಮ್ಮಲ್ಲಿ ಸಿಗ್ತದೆ!” ಎಂದು ಅಂಗಡಿಯವರು ಎದೆಯುಬ್ಬಿಸಿದರು.

ಮರುವಾರ ಮಾವಿನಕುರ್ವೆಯಿಂದ ಆಕೆಯ ಮಗನ ದೋಣಿ ಹೊರಟಾಗ, ಅಂಗಡಿಯವರು ಪೆನ್‌ಡ್ರೈವ್‌ಗೆ ಹಾಕಿಕೊಟ್ಟ ಆ ಹಾಡು ಅದರಲ್ಲಿ ಕೇಳಿಬರುತ್ತಿತ್ತು.