ಜಂಟಿ ಪರಿಶೀಲನೆಯ ದಿನ ತುಂಬಿದ್ದ ಬಾವಿ

1998ರ ಮಾರ್ಚ್ ತಿಂಗಳಲ್ಲಿ, ಹಲಸೂರಿನ ಹಳೇ ಓಣಿಯ ಒಂದು ಮನೆಯ ಹಿತ್ತಲಿನಲ್ಲಿದ್ದ ಮೂರು ಹಸುಗಳು ಬಾವಿಯ ನೀರು ಕುಡಿಯುವುದನ್ನು ನಿಲ್ಲಿಸಿದವು. ಆ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ.

ಮನೆಯೊಡತಿಗೆ ಎಪ್ಪತ್ತರ ಹತ್ತಿರ ವಯಸ್ಸು. ಓಣಿಗೆಲ್ಲ ಅಜ್ಜಿ. ಇಂದಿರಾನಗರ ಬಡಾವಣೆಯಾಗುವ ಮೊದಲು ಆ ಕಡೆ ಅವರಿಗೆ ಹೊಲವಿತ್ತು. ಹೊಲ ಹೋದ ಮೇಲೂ ಹಸು ಕಟ್ಟುವುದನ್ನು ಅವರು ಬಿಡಲಿಲ್ಲ. ಒಬ್ಬನೇ ಮಗ ವಿಮಾನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದ. ಹಾಲು ಓಣಿಯ ಹತ್ತು ಹನ್ನೆರಡು ಮನೆಗಳಿಗೂ ಬೀದಿ ತಿರುವಿನ ಚಹಾ ಅಂಗಡಿಗೂ ಹೋಗುತ್ತಿತ್ತು. ಅಂಗಡಿಯವರು ಶಿವಾಜಿನಗರದವರು. ಮೊದಲು ಬಾಯಿ ಬಿಟ್ಟು ಹೇಳಿದವರು ಅವರೇ.

‘ಅಮ್ಮಾ, ನಿಮ್ಮ ಹಾಲಲ್ಲಿ ಚಾಯ್ ಮಾಡಿದ್ರೆ ಗಿರಾಕಿ ಕುಡಿಯೋದಿಲ್ಲ, ಪೆಟ್ರೋಲ್ ಹಾಕಿದ ಗಾಡಿ ಥರ ಸ್ಟಾರ್ಟ್ ಆಗ್ತಾನೆ.’

ಅಜ್ಜಿ ಆ ದಿನ ಅವರ ಜೊತೆ ಜಗಳವಾಡಿದರು. ಅದಾದ ಕೆಲವೇ ದಿನಗಳಲ್ಲಿ ಕೆಂದ ಹಸು ನೀರಿನ ಬಾನಿಗೆ ಮೂತಿ ಇಟ್ಟು, ಮೂಸಿ, ಸೀನಿ ಹಿಂದಕ್ಕೆ ಸರಿಯಿತು. ಉಳಿದೆರಡೂ ಹಾಗೇ ಮಾಡಿದವು. ನಾನು ಇಳಿದು ಹೋಗಿ ಬಾವಿಯೊಳಗೆ ಬಗ್ಗಿ ನೋಡಿದೆ. ನೀರಿನ ಮೇಲೆ ತೆಳುವಾದ ಪೊರೆ ಬಣ್ಣಬಣ್ಣವಾಗಿ ಅಲುಗುತ್ತಿತ್ತು. ಸೀಮೆಎಣ್ಣೆಯಂಥ ವಾಸನೆ. ಹಿತ್ತಲ ಗೋಡೆಯ ಆಚೆ ಪೆಟ್ರೋಲ್ ಬಂಕ್ ಇತ್ತು, ಅದರ ಟ್ಯಾಂಕ್ ನೆಲದೊಳಗಿತ್ತು. ಅದೇ ಕಾರಣ ಎಂದು ಯಾರೂ ಬರೆದುಕೊಟ್ಟಿಲ್ಲ. ಆದ್ದರಿಂದ ನಾನೂ ಹಾಗೆ ಬರೆಯುವುದಿಲ್ಲ.

‘ಬಾವಿ ಸರಿಹೋಗ್ನಿಲ್ಲ ಅಂದ್ರೆ ಹಸ ಮಾರಾದೇಯ. ಟ್ಯಾಂಕರ್ ನೀರು ಕುಡ್ಸಿ ಹಸ ಸಾಕಕ್ಕೆ ನಾನೇನು ಮಂತ್ರಿ ಹೆಂಡ್ತಿನಾ?’ ಎಂದರು ಅಜ್ಜಿ. ನಲ್ಲಿಯಲ್ಲಿ ದಿನ ಬಿಟ್ಟು ದಿನ ಬರುತ್ತಿದ್ದ ನೀರು ಮನೆಯವರಿಗೇ ಸಾಲುತ್ತಿರಲಿಲ್ಲ.

ನಾನು ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಇಲಾಖೆಗಳಿಗೆ ಬರೆದೆವು. ಓಣಿಯಲ್ಲಿ ಅವರನ್ನು ನೀರಿನವರು, ಮಾಲಿನ್ಯದವರು, ಅಂತರ್ಜಲದವರು, ಆರೋಗ್ಯದವರು ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಒಬ್ಬೊಬ್ಬರೇ ಬಂದರು, ಅದೂ ತಿಂಗಳುಗಳ ಅಂತರದಲ್ಲಿ.

ನೀರಿನವರು, ‘ನಲ್ಲಿ ನಮ್ದು ಅಮ್ಮ, ಬಾವಿ ನಿಮ್ದು’ ಎಂದರು. ಮಾಲಿನ್ಯದವರು, ಕಾರ್ಖಾನೆಯಾಗಿದ್ದರೆ ತಮಗೆ ಬರುತ್ತಿತ್ತು, ಬಂಕ್ ಬೇರೆಯವರಿಗೆ ಸೇರಿದ್ದು ಎಂದರು. ಆರೋಗ್ಯದವರು, ಯಾರಿಗಾದರೂ ಕಾಯಿಲೆ ಬಂದಿದೆಯಾ ಎಂದು ಕೇಳಿದರು. ಇಲ್ಲ, ಹಸು ನೀರು ಕುಡಿಯುತ್ತಿಲ್ಲ ಎಂದೆವು. ಹಸು ಪಶು ಇಲಾಖೆಗೆ ಸೇರುತ್ತದೆ ಎಂದರು. ಅಂತರ್ಜಲದವರು ವಯಸ್ಸಿನಲ್ಲಿ ಚಿಕ್ಕವರು, ಮೃದು ಮಾತಿನವರು. ಬಾವಿಗೆ ಟೇಪು ಇಳಿಬಿಟ್ಟು ಮಟ್ಟ ಅಳೆದುಕೊಂಡರು. ವಾಸನೆ ಅಳೆಯುವ ಕೆಲಸ ತಮಗಿಲ್ಲ ಎಂದು ಹೇಳುವಾಗ ನೆಲ ನೋಡುತ್ತಿದ್ದರು. ಹೋಗುವಾಗ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, ‘ಸಾರ್, ಎಲ್ಲರೂ ಒಂದೇ ದಿನ ಬಂದ್ರೆ ಮಾತ್ರ ಆಗುತ್ತೆ. ಜಂಟಿ ಪರಿಶೀಲನೆ ಕೇಳಿ’ ಎಂದರು.

ಕೇಳಿದೆವು. ಅದಕ್ಕೂ ತಿಂಗಳುಗಳು ಹಿಡಿದವು. ನಡುವೆ ಒಂದು ಹಸುವನ್ನು ಮಾರಿದರು, ಉಳಿದೆರಡಕ್ಕೆ ಗೊಣಗುತ್ತಲೇ ಟ್ಯಾಂಕರ್ ನೀರು ಕೊಂಡರು. 1999ರ ಫೆಬ್ರುವರಿಯಲ್ಲಿ ದಿನ ಗೊತ್ತಾಯಿತು. ನಾಲ್ಕು ಇಲಾಖೆಗಳು ಒಂದು ಬಾವಿಯ ಸುತ್ತ ಒಟ್ಟಿಗೆ ನಿಲ್ಲುವುದನ್ನು ನಾನು ಆವರೆಗೆ ಕಂಡಿರಲಿಲ್ಲ. ಪತ್ರಿಕೆಯಲ್ಲಿ ಆ ಬಗ್ಗೆ ಒಂದು ಸಣ್ಣ ಸುದ್ದಿಯೂ ಬಂತು, ನಾನೇ ಬರೆದದ್ದು. ಅಜ್ಜಿ ಅದನ್ನು ಮಗನಿಂದ ಓದಿಸಿಕೊಂಡು, ‘ಪೇಪರ್‌ನೋರೇ, ಇಷ್ಟೇ ಇಷ್ಟು ಬರ್ದಿದೀರಲ್ಲ, ಜಾಗ ಕಮ್ಮಿ ಬಿದ್ದಿತ್ತಾ?’ ಎಂದರು. ಆದರೆ ಅವರಿಗೆ ಖುಷಿಯಾಗಿತ್ತು.

ಆಗ ನನಗೆ ರಾತ್ರಿ ಪಾಳಿ. ಮಧ್ಯಾಹ್ನ ಮನೆ ಬಿಟ್ಟರೆ ಎಲ್ಲರೂ ಮಲಗಿದ ಮೇಲೆ ಬರುತ್ತಿದ್ದೆ. ಪರಿಶೀಲನೆಯ ಬೆಳಿಗ್ಗೆ ಕೆಳಗಿಳಿದಾಗ ಹಿತ್ತಲು ಮದುವೆ ಮನೆಯಂತಿತ್ತು. ನೆಲ ಸಾರಿಸಿ ರಂಗೋಲಿ ಹಾಕಿತ್ತು. ಬಾವಿಯ ಕಟ್ಟೆಗೆ ಸುಣ್ಣ ಬಳಿದು ಅರಿಶಿನ ಕುಂಕುಮ ಇಟ್ಟಿದ್ದರು. ಬಗ್ಗಿ ನೋಡಿದೆ. ನೀರು ಎಂದಿಗಿಂತ ಬಹಳ ಮೇಲಿತ್ತು. ಪೊರೆ ಇಲ್ಲ, ಬ್ಲೀಚಿಂಗ್ ಪೌಡರಿನ ವಾಸನೆ ಬಿಟ್ಟರೆ ಬೇರೆ ವಾಸನೆಯಿಲ್ಲ. ನಾಲ್ಕಾರು ದಾಸವಾಳ ತೇಲುತ್ತಿದ್ದವು.

‘ಏನ್ಮಾಡಿದ್ರಿ?’ ಎಂದು ಮಗನನ್ನು ಕೇಳಿದೆ.

‘ನಿನ್ನೆ ಪಂಪ್ ಹಾಕಿ ಪೂರ್ತಿ ಹೊಡೆಸಿ ತೊಳೆಸಿದ್ವಿ ಸಾರ್. ಆಫೀಸರ್‌ಗಳು ಬರ್ತಾರಲ್ಲ.’

‘ನೀರು?’

‘ತಿಪ್ಪಸಂದ್ರದಿಂದ ಎರಡು ಟ್ಯಾಂಕರ್ ತರಿಸಿ ಬಿಟ್ವಿ.’

ಒಲೆಯ ಮುಂದಿದ್ದ ಅಜ್ಜಿ ಅಲ್ಲಿಂದಲೇ ಹೇಳಿದರು: ‘ಅಷ್ಟು ಜನ ಮನೆಗೆ ಬರ್ತಾವ್ರೆ. ಬಂದೋರ್ಗೆ ಬರಿದಾದ್ ಬಾವಿ ತೋರ್ಸಕಾಯ್ತದಾ? ಲಕ್ಷಣವಾ ಅದು?’

ನಾನು ಉತ್ತರ ಕೊಡುವಷ್ಟರಲ್ಲಿ ಓಣಿಯ ತುದಿಯಲ್ಲಿ ಜೀಪು ನಿಂತಿತು.

ನಾಲ್ವರೂ ಬಂದರು. ಅವರವರ ನಡುವೆ ಒಳ್ಳೆಯ ಸೌಹಾರ್ದವಿತ್ತು. ಒಬ್ಬರು ಮಾದರಿಗೆ ಬಾಟಲಿ ತರಲು ಮರೆತಿದ್ದರು, ಇನ್ನೊಬ್ಬರು ತಮ್ಮಲ್ಲಿ ಹೆಚ್ಚಿಗೆ ಇದ್ದುದನ್ನು ಕೊಟ್ಟರು. ಮಾಲಿನ್ಯದವರು ಹಿರಿಯರಾಗಿದ್ದರಿಂದ ಉಳಿದವರು ಅವರಿಗೆ ಕುರ್ಚಿ ಬಿಟ್ಟುಕೊಟ್ಟರು. ನಾನು ಮುಂದೆ ಹೋಗಿ, ಇದು ಬಾವಿಯ ನೀರಲ್ಲ, ನಿನ್ನೆ ಟ್ಯಾಂಕರಿನಿಂದ ತುಂಬಿಸಿದ್ದು ಎಂದೆ. ಅಜ್ಜಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, ‘ಹೂಂ ಸ್ವಾಮಿ, ನಿಮಗೋಸ್ಕರಾನೇ’ ಎಂದರು.

ನಾಲ್ವರೂ ಬಾವಿಯೊಳಗೆ ಬಗ್ಗಿ ನೋಡಿದರು. ಅಂತರ್ಜಲದ ಯುವಕ, ‘ಈಗ ಮತ್ತೆ ಪಂಪ್ ಮಾಡಿಸೋಣ. ಹೊಸ ನೀರು ಊರಿದ ಮೇಲೆ ಮಾದರಿ ತಗೊಳ್ಳೋಣ’ ಎಂದರು.

‘ಊರೋಕೆ ಎಷ್ಟು ಹೊತ್ತು?’ ಎಂದು ಹಿರಿಯರು ಕೇಳಿದರು.

‘ನಾಳೆ ಸಂಜೆ ಆಗುತ್ತೆ ಸಾರ್’ ಎಂದ ಮಗ.

ನಾಳೆ ಹಿರಿಯರಿಗೆ ಕೋರ್ಟಿನ ಕೆಲಸವಿತ್ತು. ನಾಡಿದ್ದು ನೀರಿನವರಿಗೆ ಕೆ.ಆರ್.ಪುರದಲ್ಲಿ ಸಭೆ. ಅದರಾಚೆ ರಜೆ. ಆರೋಗ್ಯದವರಿಗೆ ಮುಂದಿನ ವಾರ ಪೂರ್ತಿ ಪೋಲಿಯೊ ಕೆಲಸ. ನಾಲ್ವರೂ ಕಟ್ಟೆಯ ಪಕ್ಕ ನಿಂತು ನಿಜವಾಗಿಯೂ ಪ್ರಯತ್ನಿಸಿದರು. ಅವರಲ್ಲಿ ತಪ್ಪಿಸಿಕೊಳ್ಳುವ ಮನಸ್ಸು ನನಗೆ ಕಾಣಲಿಲ್ಲ.

‘ನಮ್ಮಲ್ಲಿ ಒಬ್ರೇ ಬಂದು ತಗೊಂಡ್ರೆ ಆಗಲ್ವಾ ಸಾರ್?’ ಎಂದು ಯುವಕ ಕೇಳಿದರು.

‘ಒಬ್ರು ತಗೊಂಡ್ರೆ ಅದು ಜಂಟಿ ಆಗಲ್ಲಪ್ಪ. ಉಳಿದ ಮೂರೂ ಕಡೆ ನಿಲ್ಲಲ್ಲ’ ಎಂದರು ಹಿರಿಯರು. ನನ್ನ ಕಡೆ ತಿರುಗಿ, ‘ಇವತ್ತು ಸೇರಿರೋದೇ ಪುಣ್ಯ ಸಾರ್. ಇವತ್ತಿನ ಮಾದರಿ ತಗೋತೀವಿ. ಅಗತ್ಯ ಬಿದ್ರೆ ಇನ್ನೊಂದ್ಸಲ ಅಂತ ಬರ್ಕೋತೀವಿ’ ಎಂದರು.

ಬಾಟಲಿಗಳು ತುಂಬಿದವು. ಆ ಹೊತ್ತಿಗೆ ಮಗ ಅದೇ ನೀರನ್ನು ಬಾನಿಗೆ ಸುರಿದಿದ್ದ, ಬೇಕೆಂದು ಮಾಡಿದ್ದಲ್ಲ. ಹಸುಗಳು ನೀರು ಕುಡಿಯುವ ಹೊತ್ತು ಅದು. ಕೆಂದ ಹಸು ಮೂತಿ ಇಟ್ಟು ಬಾನಿ ಅರ್ಧವಾಗುವವರೆಗೂ ಎತ್ತಲಿಲ್ಲ. ಆರೋಗ್ಯದವರು ಅದನ್ನು ನೋಡಿ ಏನನ್ನೋ ಬರೆದುಕೊಂಡರು. ಅಜ್ಜಿ ಎಲ್ಲರಿಗೂ ಗಟ್ಟಿ ಹಾಲಿನ ಕಾಫಿ ಕೊಟ್ಟರು. ‘ಅಮ್ಮ, ಇಂಥ ಹಾಲು ಬೆಂಗಳೂರಲ್ಲಿ ಎಲ್ಲೂ ಸಿಗಲ್ಲ’ ಎಂದರು ಹಿರಿಯರು. ಅಜ್ಜಿ ನನ್ನ ಕಡೆ ನೋಡಿ ನಕ್ಕರು, ಕೆಲಸವಾಯಿತು ಎನ್ನುವ ಹಾಗೆ.

ಅವರು ಹೋದ ಮೇಲೆ ನಾನು ಅಜ್ಜಿಗೆ ಬಿಡಿಸಿ ಹೇಳಿದೆ. ಅವರು ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದರು. ‘ಕೊಳಕಾಗಿರಾದ್ನೆ ತೋರಿಸ್ಬೇಕಿತ್ತಾ?’ ಎಂದು ಒಮ್ಮೆ ಕೇಳಿದರು. ಹೌದು ಎಂದೆ. ‘ಮೊದ್ಲೇ ಹೇಳ್ಬೇಕಲ್ಲಪ್ಪಾ ಯಾರಾದ್ರೂ’ ಎಂದರು. ಯಾರೂ ಹೇಳಿರಲಿಲ್ಲ. ಬಂದವರ ಎದುರು ಮನೆ ಚೊಕ್ಕಟವಾಗಿರಬೇಕು ಎಂದೇ ನಂಬಿದ್ದ ಅವರಿಗೆ ಬಾವಿ ಇದ್ದಂತೆಯೇ ಇರಲಿ ಎಂದು ಹೇಳಬೇಕಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಒಂದು ವಾರದಲ್ಲಿ ಪೊರೆ ಮತ್ತೆ ಬಂತು. ಹಸುಗಳು ಮತ್ತೆ ಮುಖ ತಿರುಗಿಸಿದವು.

ವರದಿ ಮಳೆಗಾಲದಲ್ಲಿ ಬಂತು. ನೀರು ನಿಗದಿತ ಮಿತಿಯೊಳಗಿದೆ ಎಂದಿತ್ತು. ಹೊರಗಿನ ನೀರು ಸೇರಿಸಲಾಗಿದೆ ಎಂಬ ಮಾತು ಅದರಲ್ಲಿರಲಿಲ್ಲ. ‘ಸ್ಥಳದಲ್ಲಿ ಜಾನುವಾರುಗಳು ಸದರಿ ನೀರನ್ನು ಕುಡಿಯುತ್ತಿರುವುದು ಕಂಡುಬಂದಿದೆ’ ಎಂಬ ಸಾಲಿತ್ತು. ಎರಡನೆಯ ಮಾದರಿಯ ಅಗತ್ಯ ಕಂಡುಬರಲಿಲ್ಲ ಎಂದೂ ಇತ್ತು.

ನಾನು ಮತ್ತೆ ನಾಲ್ಕೂ ಕಚೇರಿಗಳಿಗೆ ಹೋದೆ. ಈ ಸಲ ಯಾರೂ ಇದು ನಮ್ಮದಲ್ಲ ಎನ್ನಲಿಲ್ಲ. ನಾಲ್ಕೂ ಕಡೆ ಕೂರಿಸಿ, ಅದೇ ವರದಿಯ ಅದೇ ಪುಟ ತೆಗೆದು ತೋರಿಸಿದರು. ಅಂತರ್ಜಲದ ಯುವಕ ವರ್ಗವಾಗಿ ಹೋಗಿದ್ದರು. ನನ್ನ ಪತ್ರಿಕೆಗೂ ನಾಲ್ಕು ಇಲಾಖೆಗಳು ಸಹಿ ಮಾಡಿದ ವರದಿಯ ವಿರುದ್ಧ ಬರೆಯಲು ಬೇರೆ ಪರೀಕ್ಷೆಯ ಆಧಾರ ಬೇಕಿತ್ತು. ಖಾಸಗಿ ಪ್ರಯೋಗಾಲಯವೊಂದಕ್ಕೆ ನೀರು ಒಯ್ದೆ. ಸರ್ಕಾರಿ ವರದಿ ಇರುವ ಬಾವಿಯದು ಬೇಡ ಎಂದು ಬಾಟಲಿಯನ್ನು ವಾಪಸ್ ಕೊಟ್ಟರು.

ಅಜ್ಜಿ ಮತ್ತೂ ನಾಲ್ಕು ವರ್ಷ ಟ್ಯಾಂಕರ್ ನೀರಿನಲ್ಲಿ ಹಸು ಸಾಕಿದರು. ಒಂದು ಹಸು ಹೋಯಿತು, ಒಂದು ಉಳಿಯಿತು. 2003ರ ಜೂನ್‌ನಲ್ಲಿ ಕೆಂದ ಹಸುವನ್ನು ಹೊಸಕೋಟೆ ಕಡೆಯ ಸಂಬಂಧಿಕರು ಟೆಂಪೊದಲ್ಲಿ ಹತ್ತಿಸಿಕೊಂಡು ಹೋದರು.

2006ರಲ್ಲಿ ಅರ್ಜಿಯ ಸ್ಥಿತಿಯನ್ನು ಮಾಹಿತಿ ಹಕ್ಕಿನಡಿ ಕೇಳಿದೆ. ನಾಲ್ಕೂ ಇಲಾಖೆಗಳಿಂದ ಉತ್ತರ ಬಂತು: ಜಂಟಿ ಪರಿಶೀಲನಾ ವರದಿಯ ಆಧಾರದ ಮೇಲೆ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.