ಹಾಲೇಶಪ್ಪನವರ ಹೆಸರೊಂದೇ ತೋರಿಸಿದ ಪರದೆ

೧೯೯೮ರ ಬೇಸಿಗೆ. ಹರಿಹರದ ಒಂದು ಖಾಸಗಿ ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಕಾರ್ಖಾನೆಯ ಎಲ್ಲ ಮೇಜುಗಳ ಪರದೆಗಳೂ ಒಂದೇ ಯುನಿಕ್ಸ್ ಕಂಪ್ಯೂಟರ್ ಯಂತ್ರಕ್ಕೆ ಸೇರಿದ್ದವು. ಯಾರ ಕೆಲಸದಲ್ಲಿ ಏನು ತೊಂದರೆಯಾದರೂ, ಅವರ ಹೆಸರೂ ಎರರ್ ಎಂಬ ಪದವೂ ಇರುವ ಒಂದು ಸಾಲು ಲಾಗ್ ಫೈಲ್ ಎಂಬ ದಾಖಲೆಗೆ ಆ ಕ್ಷಣವೇ ಬಂದು ಬೀಳುತ್ತಿತ್ತು. ಓಡುವ ಆ ಸಾಲುಗಳಲ್ಲಿ ನಮಗೆ ಬೇಕಾದ್ದನ್ನಷ್ಟೇ ಸೋಸಿ ತೋರಿಸಲು ಗ್ರೆಪ್ ಎಂಬ ಆಜ್ಞೆ ಇದೆ. ಮ್ಯಾನೇಜರಿಗೆ ಅದನ್ನು ಕಲಿಸಿದವಳು ನಾನೇ.

ಆ ವಾರ ಮಧ್ಯಾಹ್ನವಾದರೆ ಸಾಕು, ಯಂತ್ರ ನಿಂತುಬಿಡುತ್ತಿತ್ತು. ಬಿಲ್ ಆಗದೆ ಲಾರಿಗಳು ಗೇಟಿನಲ್ಲೇ ಕಾಯುತ್ತಿದ್ದವು. ಮೊದಲು ದೂರು ಹೇಳಿದವರು ಸ್ಟೋರ್ಸಿನ ಹಿರಿಯ ಗುಮಾಸ್ತರು, ಕೊಕ್ಕನೂರಿನ ಹಾಲೇಶಪ್ಪನವರು. ಹೇಳಿದ್ದೇ ತಪ್ಪಾಯಿತು, ಮ್ಯಾನೇಜರ ಅನುಮಾನ ಅವರ ಮೇಲೇ ತಿರುಗಿತು.

ಒಂದು ದಿನ ಊಟ ಮುಗಿಸಿ ಬಂದರೆ ನನ್ನ ಕೋಣೆಯ ತುಂಬ ಜನ. ಹಾಲೇಶಪ್ಪನವರು ಕೈಕಟ್ಟಿ ನಿಂತಿದ್ದಾರೆ. ಪರದೆಯ ಮೇಲೆ ಒಂದರ ಹಿಂದೊಂದು ಎರರ್ ಸಾಲುಗಳು, ಎಲ್ಲದರಲ್ಲೂ ಅವರದೇ ಹೆಸರು.

"ನೋಡಮ್ಮ, ಬರೀ ಇವಂದೇ ಬರಾಕತ್ತೈತೆ. ಮಷೀನ್ ಸುಳ್ಳು ಹೇಳ್ತೈತೇನು? ನಾಳೆಯಿಂದ ಬರೋದು ಬ್ಯಾಡ ಅಂದೀನಿ" ಎಂದರು ಮ್ಯಾನೇಜರು.

"ತಪ್ಪಾಯ್ತ್ರಿ ಸಾರ್. ಏನ್ ಒತ್ತೀನೋ ಗೊತ್ತಿಲ್ಲ. ಕೆಲಸದಿಂದ ತೆಗಿಬ್ಯಾಡ್ರಿ" ಎಂದರು ಹಾಲೇಶಪ್ಪನವರು, ತಲೆ ಎತ್ತದೆ.

ಕೊಟ್ಟಿದ್ದ ಆಜ್ಞೆ ನೋಡಿದೆ. ಮೈ ಉರಿದುಹೋಯಿತು. ಗ್ರೆಪ್‌ಗೆ ಮ್ಯಾನೇಜರು ಕೊಟ್ಟಿದ್ದು ಹಾಲೇಶಪ್ಪನವರ ಹೆಸರನ್ನೇ.

"ಸಾರ್, ನೀವು ಕೇಳಿದ್ದೇ ಇವರ ಹೆಸರು. ಬೇರೆಯವರದು ಹೆಂಗೆ ಬರ್ತೈತ್ರಿ?"

"ನಂಗೆ ಹೇಳ್ಬ್ಯಾಡಮ್ಮ. ಕಣ್ಣಾರೆ ನೋಡಾಕತ್ತೀವಿ."

ಅವರ ಮಾತಿಗೆ ಕಾಯದೆ ಕೀಬೋರ್ಡು ಎಳೆದುಕೊಂಡೆ. ಹೆಸರು ಅಳಿಸಿ, ಎರರ್ ಎಂಬ ಪದವನ್ನಷ್ಟೇ ಹಾಕಿ ಒತ್ತಿದೆ. ಪ್ಯಾಕಿಂಗಿನವರ ಸಾಲು ಬಂತು, ಬಿಲ್ಲಿಂಗಿನವರದು ಬಂತು. ಆಮೇಲೆ ಮ್ಯಾನೇಜರ ಹೆಸರೇ ಬಂತು, ಮತ್ತೆ ಮತ್ತೆ ಬಂತು.

"ಮಷೀನೇ ಸರಿ ಇಲ್ಲ ಅನ್ನಿಸ್ತೈತೆ. ಹೋಗ್ರಿ, ಎಲ್ರೂ ಕೆಲಸ ನೋಡ್ರಿ" ಎಂದು ಮ್ಯಾನೇಜರು ಹೊರಟೇಬಿಟ್ಟರು.

ಹಾಲೇಶಪ್ಪನವರ ಹೆಸರು ಬಂದಾಗ ಮನುಷ್ಯ ಸರಿ ಇರಲಿಲ್ಲ, ತಮ್ಮದು ಬಂದಾಗ ಮಷೀನ್ ಸರಿ ಇಲ್ಲ. ಇದ್ಯಾವ ನ್ಯಾಯ?

ಹಾಲೇಶಪ್ಪನವರ ಕೆಲಸವೇನೋ ಉಳಿಯಿತು. ಎಲ್ಲರೂ ಹೋದ ಮೇಲೆ ಅವರು ನನಗೆ ಕೈ ಮುಗಿದರು. ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು, ಇವತ್ತಿಗೂ ಇಳಿದಿಲ್ಲ. ಮಾಡದ ತಪ್ಪಿಗೆ ಆ ಹಿರಿಯರು ಅಷ್ಟು ಜನರ ಮುಂದೆ ಕ್ಷಮೆ ಕೇಳಿದ್ದರು. ಅವರ ಕ್ಷಮೆ ಕೇಳಬೇಕೆಂದು ಒಬ್ಬರಿಗೂ ಅನ್ನಿಸಲಿಲ್ಲ.